ಕಿವಿಯ ಪಕ್ಕದ ಜಾಗ

“ಇವ್ರು ನನ್ನ ನೋಡ್ತಾನೇ ಇಲ್ಲ,” ಎಂದಳು ಟೈಲರನ ಹೆಂಡತಿ.

ಕಣ್ಣು ಮಾಡುವವಳು ಬಗ್ಗಿ ನೋಡಿದಳು. ಕೃತಕ ಕಣ್ಣು ತಯಾರಿಸುವ ಆ ಪುಟ್ಟ ಕಾರ್ಯಾಗಾರದಲ್ಲಿ ಅವಳ ಕೈಗೆ ಒಳ್ಳೆಯ ಹೆಸರಿತ್ತು. ಟೈಲರನ ಬಲಗಣ್ಣು ಅವನದೇ. ಎಡಗಣ್ಣು ಇವಳು ಮಾಡಿದ್ದು. ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಸರಿಯಾಗೇ ಇದೆಯಲ್ಲಮ್ಮ.”

“ಬಣ್ಣ ಸರಿ ಇದೆ. ನೋಟ ಎಲ್ಲೋ ಹೋಗ್ತಿದೆ.”

“ಬಿಡೇ, ಅದ್ರಲ್ಲಿ ನನಗೇನು ಕಾಣತ್ತಾ?” ಎಂದ ಟೈಲರ್.

“ನಿಮಗಲ್ಲ ರೀ, ನನಗೆ ಕಾಣತ್ತೆ.”

ಕಾರ್ಯಾಗಾರದ ಯಜಮಾನರು ಒಳಗಿನಿಂದ ಬಂದು, ಕನ್ನಡಕ ಹಣೆಗೇರಿಸಿ ನೋಡಿದರು. ಕಣ್ಣು ಮಾಡುವವಳನ್ನು ಪಕ್ಕಕ್ಕೆ ಕರೆದರು. “ನೋಟ ಎದುರಿನವರ ಕಿವಿ ಕಡೆ ಹೋಗ್ತಿದೆಯಲ್ಲಮ್ಮ. ನಿನ್ನ ಕೈಯಲ್ಲಿ ಹೀಗಾ?”

“ನನಗೆ ನೇರವಾಗೇ ಕಾಣ್ತಿದೆ ಸರ್.”

ಯಜಮಾನರು ತಮಾಷೆಯೆಂದುಕೊಂಡು ನಕ್ಕರು.

ಪಾಪೆಯ ಜಾಗ ಗುರುತಿಸುವಾಗ ಅವಳು ಗಿರಾಕಿಯನ್ನು ಎದುರಿಗೆ ಕೂರಿಸಿ, “ನನ್ನನ್ನೇ ನೋಡಿ” ಎನ್ನುತ್ತಿದ್ದಳು. ನಿಜವಾದ ಕಣ್ಣನ್ನು ಬಣ್ಣಕ್ಕಾಗಿ ಮಾತ್ರ ನೋಡುತ್ತಿದ್ದಳು. ಮೊದಲು ಮಾದರಿಗೆಂದು ಮಾಡಿ ಕೂರಿಸುವ ಮೇಣದ ಕಣ್ಣನ್ನು ಅತ್ತಿತ್ತ ತಿರುಗಿಸಿ, ಅದರ ನೋಟ ಚುಚ್ಚುವುದು ನಿಂತ ಕಡೆ ಗುರುತು ಹಾಕುತ್ತಿದ್ದಳು. ಚುಚ್ಚದ ನೋಟವೇ ನೇರ ನೋಟವೆಂದು ಅವಳು ತಿಳಿದಿದ್ದಳು.

ಅವಳ ಅಣ್ಣನಿಗೂ ಎದುರಿನವರ ನೋಟ ಚುಚ್ಚುತ್ತಿತ್ತು. ಅವನು ಯಾರ ಮುಖವನ್ನೂ ನೋಡುವುದಿಲ್ಲವೆಂದು ಅಪ್ಪ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಕೊನೆಗೆ ಆಟಿಸಂ ಎಂಬ ಹೆಸರು ಸಿಕ್ಕಿತು. ಇವಳು ತಲೆ ತಗ್ಗಿಸಿದರೆ ಚಿಕ್ಕಮ್ಮಂದಿರು ಗಲ್ಲ ಹಿಂಡಿ, “ಎಷ್ಟು ನಾಚ್ಕೆ ನೋಡು, ಹೆಣ್ಣುಮಗು ಅಂದ್ರೆ ಹೀಗಿರ್ಬೇಕು” ಎಂದರು. ಅಲ್ಲಿಗೆ ಇವಳ ಚಿಕಿತ್ಸೆ ಮುಗಿಯಿತು.

ದೊಡ್ಡವಳಾದ ಮೇಲೆ ತಲೆಯೆತ್ತಲೇಬೇಕಾಯಿತು. ಎದುರಿನವರ ಕಿವಿಯ ಪಕ್ಕ ಒಂದು ಜಾಗವಿದೆ. ಅಲ್ಲಿ ನೋಡಿದರೆ ತಮ್ಮನ್ನೇ ನೋಡಿದಳೆಂದು ಎಲ್ಲರೂ ತಿಳಿಯುತ್ತಾರೆ. ಯಾರೂ ಪತ್ತೆ ಹಚ್ಚಲಿಲ್ಲ. ಒಳಗೊಳಗೇ ಅವಳಿಗೆ ಅದೊಂದು ಹೆಮ್ಮೆಯಿತ್ತು.

“ಹಿಂದೆ ಮಾಡಿದ್ದೆಲ್ಲ ಹೇಗಿತ್ತು ಸರ್?”

“ಯಾರೂ ದೂರು ತಂದಿಲ್ವಲ್ಲ. ಕೃತಕ ಕಣ್ಣು ಅಂದ್ಮೇಲೆ ಇಷ್ಟೇ ಅಂದ್ಕೊಂಡಿರ್ತಾರೆ.”

ಟೈಲರನ ಕಣ್ಣನ್ನು ಸರಿಪಡಿಸಲು ಯಜಮಾನರೇ ಒಳಗೆ ಒಯ್ದರು. ಊರ ತುಂಬ ಅವಳು ಮಾಡಿದ ಕಣ್ಣುಗಳಿದ್ದವು. ಯಾರದೋ ತಾಯಿಯ, ಯಾರದೋ ಮಗುವಿನ ಕಿವಿಯ ಪಕ್ಕ ನೋಡುತ್ತಿದ್ದವು.

ರಾತ್ರಿ ಊಟದ ಮೇಜಿನಲ್ಲಿ ಗಂಡ ಎದುರಿಗೆ ಕುಳಿತಿದ್ದ. ಅವಳು ತಟ್ಟೆ ಸರಿಸಿದಳು.

“ರೀ, ನಾನು ಎಲ್ಲಿ ನೋಡ್ತಿದೀನಿ ಹೇಳಿ.”

“ನನ್ನನ್ನೇ.”

“ನಿಜ ಹೇಳಿ.”

ಅವನು ನೀರು ಕುಡಿದ. “ಅಭ್ಯಾಸ ಆಗಿದೆ ಬಿಡು.”

“ಯಾವಾಗಿಂದ ಗೊತ್ತು?”

“ಮೊದಲಿಂದ್ಲೂ. ಆಗೆಲ್ಲ ಹಿಂದೆ ಯಾರೋ ನಿಂತಿದಾರೆ ಅಂತ ತಿರುಗಿ ನೋಡ್ತಿದ್ದೆ.” ಸಣ್ಣಗೆ ನಕ್ಕ.

“ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಅಲ್ಲೂ ನೋಡ್ತಿರ್ಲಿಲ್ಲ ನೀನು.”

ಅವನು ಎದ್ದು, ಕುರ್ಚಿಯನ್ನು ಒಂದು ಗೇಣು ಪಕ್ಕಕ್ಕೆಳೆದು, ಅವಳ ನೋಟ ಬೀಳುತ್ತಿದ್ದ ಕಡೆಗೇ ಬಂದು ಕುಳಿತ. ಒಂದು ಕ್ಷಣ ಅವನ ಎರಡೂ ಕಣ್ಣು ಸಿಕ್ಕವು. ತಿಳಿ ಕಂದು, ಅಂಚಿನಲ್ಲಿ ಹಳದಿಯ ಚುಕ್ಕೆ. ಇಷ್ಟು ವರ್ಷ ಅದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವಳ ನೋಟ ತಾನಾಗಿ ಜಾರಿ, ಅವನು ಬಿಟ್ಟುಬಂದ ಖಾಲಿ ಜಾಗದಲ್ಲಿ ನಿಂತಿತು.

ಅಲ್ಲಿ ನೆಲದ ಮೇಲೆ ಕುರ್ಚಿಯ ಕಾಲು ಎಳೆದ ಗೀರಿತ್ತು, ಈಗಷ್ಟೇ ಬಿದ್ದದ್ದು. ಅದರ ಪಕ್ಕದಲ್ಲಿ, ಅತ್ತಲೂ ಇತ್ತಲೂ, ಅಂಥವೇ ಹಳೆಯ ಗೀರುಗಳು ಬೇಕಾದಷ್ಟಿದ್ದವು.