ಮಲ್ಲಕ್ಕನ ಓಟು

"ಏ ಮಲ್ಲಿ, ಕುರ್ಚಿ ಮ್ಯಾಗ ಯಾಕ ಕುಂತಿ? ನಿಮ್ಮಪ್ಪ ತಂದಿಟ್ಟಾನೇನ? ಏಳ ಮ್ಯಾಕ!"

ಕೂಲಿಯವರ ಮುಕಾದಮ ಬಂಡೆಪ್ಪ ಗದರಿದೊಡನೆ ಮಲ್ಲಕ್ಕ ದಡಬಡಿಸಿ ಎದ್ದು ಚಾಪೆಗೆ ಹೋದಳು. ಅಂಧೇರಿಯ ಬಿಲ್ಡಿಂಗ್ ಕೆಲಸದ ಹದಿನೆಂಟು ಹೆಂಗಸರನ್ನು ಅವನು ಸಿಮೆಂಟು ಮೆತ್ತಿದ ಕಾಲಲ್ಲೇ ಟ್ರಕ್ಕಿಗೆ ತುಂಬಿ ಮಾಟುಂಗದ ಕನ್ನಡ ಸಂಘಕ್ಕೆ ತಂದಿದ್ದ. ಮಹಿಳಾ ವರ್ಷವಂತೆ, ಸಿನಿಮಾವಂತೆ, ಆಮೇಲೆ ಚರ್ಚೆಯಂತೆ. ಕಾರ್ಯದರ್ಶಿ ಚನ್ನಬಸಯ್ಯನವರಿಗೆ ಫೋಟೋದಲ್ಲಿ ಕೂಲಿ ಹೆಂಗಸರು ಬೇಕಾಗಿದ್ದರು.

ಟ್ರಕ್ಕಿನಲ್ಲೇ ಮಲ್ಲಕ್ಕನಿಗೆ ಬಂಡೆಪ್ಪನಿಂದ ಪಾಠವಾಗಿತ್ತು. ಕೇಳಿದರೆ, ನಾವೂ ಓಟು ಹಾಕುತ್ತೇವೆ, ಸುಖವಾಗಿದ್ದೇವೆ ಎನ್ನಬೇಕು. ಹಾಗೆಂದರೆ ಮಗಳು ನೀಲಾಬಾಯಿಯ ಹೆರಿಗೆಯಾಗುವ ತನಕ ತಗಡು ಹೊದಿಸಿದ ಝೋಪಡಿ ಉಳಿಯುತ್ತದೆ, ಇಲ್ಲವೆಂದರೆ ತಗಡು ಕೀಳುವುದೇ. ನೀಲಾಬಾಯಿಗೆ ಒಂಬತ್ತು ತಿಂಗಳು ತುಂಬಿತ್ತು. ಓಟು ಹಾಕಿದ್ದಂತೂ ನಿಜ, ಹೇಳುವುದಕ್ಕೇನು ಕಷ್ಟ ಎಂದುಕೊಂಡಿದ್ದಳು, ಪಾಪ.

ದೀಪ ಆರಿತು. ದೊಡ್ಡ ಟೊಪ್ಪಿಗೆಯ ಬಿಳಿ ಹೆಂಗಸರು ಪರದೆಯ ಮೇಲೆ ಬೀದಿಗಿಳಿದರು. ಪೊಲೀಸರು ಅವರನ್ನು ದರದರ ಎಳೆದರು. ಜೈಲಿನಲ್ಲಿ ಊಟ ಬಿಟ್ಟವಳೊಬ್ಬಳನ್ನು ನಾಲ್ವರು ಅದುಮಿ ಹಿಡಿದು ಮೂಗಿಗೆ ನಳಿಗೆ ತುರುಕಿದಾಗ ಮಲ್ಲಕ್ಕ ಸೆರಗಿನಿಂದ ತನ್ನ ಮೂಗು ಮುಚ್ಚಿಕೊಂಡಳು. ಅಂಥದ್ದೇನು ಬೇಕಾಗಿತ್ತು ಇವರಿಗೆ? ಕೊನೆಗೆ ನೆರೆತ ಮುದುಕಿಯೊಬ್ಬಳು ಒಬ್ಬಳೇ ಮರೆಗೆ ಹೋಗಿ, ಚೀಟಿಗೆ ತಾನೇ ಗುರುತು ಹಾಕಿ, ಮಡಿಸಿ ಪೆಟ್ಟಿಗೆಗೆ ಬಿಟ್ಟಳು. ಇದೇ ಓಟು, ಇದಕ್ಕಾಗಿಯೇ ಅಷ್ಟೆಲ್ಲ ಎಂದು ಕಾಲೇಜಿನ ಟೀಚರು ವಾರಿಜಾ ಬಿಡಿಸಿ ಹೇಳಿದರು.

ಮಲ್ಲಕ್ಕ ತನ್ನ ಬೆರಳು ನೋಡಿಕೊಂಡಳು. ಬೆರಳಿಗೆ ಮಸಿ ಹಚ್ಚಿಸಿಕೊಳ್ಳುವುದೇ ಓಟೆಂದು ಅವಳು ತಿಳಿದಿದ್ದಳು. ಅವಳೊಬ್ಬಳೇ ಅಲ್ಲ, ಝೋಪಡಿಯ ಹೆಂಗಸರೆಲ್ಲ. ಆ ಬೆರಳನ್ನು ಊದಿ ಊದಿ ಆರಿಸಿ, ಸಿಕ್ಕವರಿಗೆಲ್ಲ ತೋರಿಸಿ ಹಿಗ್ಗಿದ್ದಳಲ್ಲ!

ಕುರ್ಚಿಯವರು ಮಾತಾಡಿದರು. ನಮ್ಮ ಹೆಂಗಸರಿಗೆ ಬಡಿದಾಡದೆಯೇ ಎಲ್ಲ ಸಿಕ್ಕಿತು ಎಂದರು ಚನ್ನಬಸಯ್ಯನವರು. ವಾರಿಜಾ ಚಾಪೆಯತ್ತ ತಿರುಗಿ, "ನೀವು ಓಟು ಹಾಕ್ತೀರಲ್ವಾ ಅಮ್ಮ?" ಎಂದು ಕೇಳಿದರು. ಬಾಗಿಲಲ್ಲಿ ಬಂಡೆಪ್ಪ ಕೆಮ್ಮಿದ. ಮಗಳ ಹೊಟ್ಟೆ ಮಲ್ಲಕ್ಕನ ಕಣ್ಣಿಗೆ ಕಟ್ಟಿತು. ಹೂಂ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಅವಳಿಗೆ ಉರಿದುಹೋಯಿತು.

"ಇಲ್ರೀ ಅಕ್ಕಾವ್ರ. ಸುಳ್ಳ ಹೇಳ್ದೆ. ಎರಡ ಸಲ ಹೋಗೀನಿ, ಎರಡೂ ಸಲ ನನ್ನ ಕೈಗೆ ಬರೇ ಮಸಿ ಬಂತು. ಕಣ್ಣ ಮುಚ್ಕೊಂಡ ನಿಂದ್ರು, ಕುರುಡಿ, ಆಕೀ ಓಟ ನಾನ ಹಾಕ್ತೀನಿ ಅಂತ ಹೇಳ್ತೀನಿ ಅಂದ, ಬಾಗಿಲಾಗ ನಿಂತಾನಲ್ಲ ಈ ಬಾಡ್ಯಾ. ನಿಂತೆ. ಚೀಟಿಗೆ ಇಂವನೇ ಶಿಕ್ಕಾ ಹೊಡ್ದ."

ಹೊತ್ತಾಯಿತು, ಚಹಾ ತಯಾರಿದೆ ಎಂದು ಚನ್ನಬಸಯ್ಯನವರು ಸಭೆ ಮುಗಿಸಿದರು. ವಾರಿಜಾ ಆಮೇಲೆ ಮಾತಾಡೋಣ ಎಂದವರು ಮತ್ತೆ ಕಾಣಲಿಲ್ಲ. ಬಂಡೆಪ್ಪ ಉಳಿದವರನ್ನು ತುಂಬಿಕೊಂಡು, ಇವಳನ್ನು ಬಿಟ್ಟು ಟ್ರಕ್ಕು ಹೊಡೆದುಕೊಂಡು ಹೋದ.

ಅವರಿವರನ್ನು ಕೇಳಿಕೊಂಡು ಲೋಕಲ್ ರೈಲು ಹತ್ತಿ ಅಂಧೇರಿ ಮುಟ್ಟುವಷ್ಟರಲ್ಲಿ ಝೋಪಡಿಯ ತಗಡು ಹೋಗಿತ್ತು. ನೀಲಾಬಾಯಿ ಟ್ರಂಕಿನ ಮೇಲೆ ಸೊಂಟ ಹಿಡಿದುಕೊಂಡು ಕೂತಿದ್ದಳು. ಬೇನೆ ಶುರುವಾಗಿತ್ತು.

"ಯವ್ವಾ, ಇನ್ನ ನಾಕ ದಿನ ಬಾಯಿ ಮುಚ್ಕೊಂಡಿದ್ರ ನಿನ್ನ ಗಂಟೇನ ಹೋಗ್ತಿತ್ತ?"

ಮಲ್ಲಕ್ಕ ಅತ್ತುಬಿಟ್ಟಳು. ಮಗಳು ಕೇಳಿದ್ದರಲ್ಲಿ ತಪ್ಪೇನಿತ್ತು? ಕಣ್ಣೊರೆಸಿಕೊಂಡು ಅವಳನ್ನು ತಬ್ಬಿ ಎಬ್ಬಿಸಿ, ಮುಗಿಯದ ಬಿಲ್ಡಿಂಗಿನ ಎರಡನೇ ಮಹಡಿಗೆ ಹತ್ತಿಸಿದಳು. ಗಾರೆಯಾಗದ ಒಂದು ಕೋಣೆಯಲ್ಲಿ ಗೋಣಿತಟ್ಟು ಹಾಸಿದಳು. ಟ್ರಕ್ಕಿನಲ್ಲಿ ತಲೆತಗ್ಗಿಸಿ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಬಂದು ಸೀರೆ ಮರೆ ಹಿಡಿದರು.

ಬೆಳಿಗ್ಗೆ ಗಾರೆಯವರ ಜೊತೆ ಬಂದ ಬಂಡೆಪ್ಪ ಅಂಗಳದಲ್ಲಿ ನಿಂತು, ಬಿಲ್ಡಿಂಗ್ ಕಟ್ಟಿಸುವ ಸಾಹೇಬರ ಮನೆ ಹೊಲಸು ಮಾಡಿದಿರಿ ಎಂದು ಅವ್ವ ಅಕ್ಕ ಎತ್ತಿ ಬೈಯತೊಡಗಿದ. ಹೆಂಗಸರು ಮೆಟ್ಟಿಲ ತುಂಬ ಕೂತರು. ಒಬ್ಬಳೂ ಕದಲಲಿಲ್ಲ.

ಕೂಸು ಹೊರಬಂತು. ಅಳಲಿಲ್ಲ. ಮಲ್ಲಕ್ಕ ಅದರ ಕಾಲು ಹಿಡಿದೆತ್ತಿ ಬೆನ್ನಿಗೆ ತಟ್ಟಿದಳು. ಮತ್ತೆ ತಟ್ಟಿದಳು. ಕೆಳಗೆ ಬಂಡೆಪ್ಪ ಇನ್ನೂ ಬೈಯುತ್ತಲೇ ಇದ್ದ.