ಶಾಲೆಯ ಸೂರಿಗೆ ವೋಟು

ಅಮೆರಿಕದ ಮೇನ್ ರಾಜ್ಯದ ಆ ಕಡಲೂರಿನಲ್ಲಿ ಮಾರ್ಚ್ ತಿಂಗಳ ಊರಸಭೆ ಎಂದರೆ ಒಂಬತ್ತಕ್ಕೆ ಜಗಳ, ಹನ್ನೆರಡಕ್ಕೆ ಊಟ, ಒಂದಕ್ಕೆ ಮತ್ತೆ ಜಗಳ. ಈ ಸಲದ ಪಟ್ಟಿಯಲ್ಲಿ ಹದಿನೇಳನೆಯದು ಶಾಲೆಯ ವಿಷಯ. ಸೂರು ಸೋರುತ್ತಿತ್ತು, ಕೋಣೆ ಬೆಚ್ಚಗಿಡುವ ಬಾಯ್ಲರ್ ಸತ್ತಿತ್ತು. ರಿಪೇರಿಗೆ ತೆರಿಗೆ ಏರಿಸಲು ಊರು ಒಪ್ಪದಿದ್ದರೆ ಜೂನ್‌ಗೆ ಶಾಲೆಗೆ ಬೀಗ. ನಲವತ್ತೊಂದು ಮಕ್ಕಳು ದಿನಾ ಬಸ್ಸಿನಲ್ಲಿ ಒಂದು ಗಂಟೆ ಕುಲುಕುತ್ತ ಪರವೂರಿಗೆ ಹೋಗಬೇಕು.

ವರ್ನಾ ಬೀಲ್ ಅಲ್ಲಿ ಮೂವತ್ತೊಂದು ವರ್ಷದಿಂದ ಟೀಚರ್. ಚಳಿಗಾಲವಿಡೀ ಮನೆಮನೆಗೆ ಅಲೆದು ಬೂಟು ಸವೆಸಿದ್ದಳು. ಒಡಹುಟ್ಟಿದ ತಮ್ಮ ಆರ್ಲೋ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, "ನಂಗೆ ಮಕ್ಕಳಿಲ್ಲ ಮರಿ ಇಲ್ಲ. ನಾನ್ಯಾಕಕ್ಕ ದಂಡ ತೆರಲಿ?" ಅಂದಿದ್ದ.

ಆದರೆ ಸಭೆಯ ದಿನ ಹನ್ನೊಂದೂವರೆಗೆ ಪರವಾದವರ ಕೈ ಎತ್ತಿಸಿದಾಗ ಆರ್ಲೋನ ಕೈಯೂ ಮೇಲಿತ್ತು! ಪರವಾಗಿ ಎಪ್ಪತ್ತನಾಲ್ಕು, ವಿರುದ್ಧ ಅರವತ್ತೊಂಬತ್ತು. ವರ್ನಾಳ ಕಣ್ಣಲ್ಲಿ ನೀರು ಬಂತು.

"ಯಾವ ದೇವರು ಬುದ್ಧಿ ಕೊಟ್ಟನೋ ನಿಂಗೆ?"

"ಈ ಶಾಲೆಗೆ ನನ್ನ ಕೈ ಹಿಡ್ಕೊಂಡು ಬಂದವಳು ನೀನಲ್ವಾ? ನಾನೇನು ಕಲ್ಲಾ?"

ಅವಳು ಅವನನ್ನು ತಬ್ಬಿಕೊಂಡಳು. ಊಟಕ್ಕೆ ಕೂತಾಗ ಬ್ಲೂಬೆರಿ ಪೈನ ದೊಡ್ಡ ತುಂಡನ್ನು ಅವನ ತಟ್ಟೆಗೇ ಹಾಕಿದಳು. ಪಾಪದ ಹೆಂಗಸು!

ಸಭೆಯ ದಿನ ಅಡುಗೆ ಮಾಡುವುದು ಶಾಲೆಯ ಮಕ್ಕಳ ತಾಯಂದಿರು, ಪಾತ್ರೆ ತೊಳೆಯುವುದೂ ಅವರೇ. ಅಜ್ಜಿಯರ ಕಾಲದಿಂದ ಬಂದ ಪದ್ಧತಿ. ಯಾಕೆ ಎಂದು ಒಬ್ಬರೂ ಕೇಳಿದ್ದಿಲ್ಲ. ಮಧ್ಯಾಹ್ನ ಉಳಿದದ್ದು ಹಿಮ ತೆಗೆಯುವ ಗಾಡಿ, ಸ್ಮಶಾನದ ಹುಲ್ಲು, ಅಂಥವೇ. ವರ್ನಾ ಸೇರಿ ಹನ್ನೊಂದು ಹೆಂಗಸರು ಸಭಾಂಗಣದ ಪಕ್ಕದ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಗೆದ್ದ ಖುಷಿಯಲ್ಲಿ ಹರಟುತ್ತ, ಬೀನ್ಸ್ ಹತ್ತಿದ ತಪ್ಪಲೆಗಳನ್ನು ಉಜ್ಜತೊಡಗಿದರು.

ಕಾಫಿ ಲೋಟ ತರಲು ಹೊರಗೆ ಹೋಗಿದ್ದ, ಅವರಲ್ಲೊಬ್ಬಳಾದ ಡಾಟಿ ಬರಿಗೈಯಲ್ಲಿ ವಾಪಸು ಬಂದಳು.

"ವರ್ನಾ, ಹದಿನೇಳು ಬಿದ್ದೋಯ್ತು."

"ಏನೇ ಹಾಗಂದ್ರೆ? ಗೆದ್ವಲ್ಲ!"

"ಮತ್ತೆ ವೋಟಿಗೆ ಹಾಕಿದ್ರು. ಪರವಾಗಿ ಅರವತ್ತೆರಡು, ವಿರುದ್ಧ ಎಪ್ಪತ್ತು. ಮತ್ತೆ ಹಾಕಿ ಅಂತ ಎದ್ದು ಕೇಳಿದ್ದು ನಿನ್ ತಮ್ಮನೇ."

ಪಾಸಾದ ವಿಷಯವನ್ನು ಅದೇ ದಿನ ಮತ್ತೊಮ್ಮೆ ವೋಟಿಗೆ ಹಾಕಿಸಬಹುದು. ಆದರೆ ಹಾಗೆ ಕೇಳುವವನು ಗೆದ್ದ ಕಡೆ ಕೈ ಎತ್ತಿದವನೇ ಆಗಿರಬೇಕು ಎಂಬುದು ನಿಯಮ. ಬೆಳಿಗ್ಗೆ ಆರ್ಲೋನ ಕೈ ಎದ್ದದ್ದು ಅದಕ್ಕೆ. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ. ಇವನು ಉಣ್ಣುವ ಮೊದಲೇ ಎಣಿಸಿಟ್ಟಿದ್ದ.

ವರ್ನಾ ಸೋಪಿನ ಕೈಯಲ್ಲೇ ಸಭೆಗೆ ನುಗ್ಗಿದಳು. "ನಾವು ಹನ್ನೊಂದು ಜನ ಒಳಗಿದ್ವಿ ಕ್ಲಿಫರ್ಡ್! ಒಂದು ಮಾತು ಹೇಳ್ಬಾರ್ದಿತ್ತಾ?"

ಸಭೆ ನಡೆಸುತ್ತಿದ್ದ ಕ್ಲಿಫರ್ಡ್ ಕನ್ನಡಕ ಸರಿಮಾಡಿಕೊಂಡ. "ಬಾಗಿಲಿಗೆ ಬೀಗ ಹಾಕಿರ್ಲಿಲ್ವಲ್ಲ ಟೀಚರಮ್ಮ. ಮತ್ತೆ ಕೇಳೋಕೆ ಒಂದೇ ಸಲ ಅವಕಾಶ. ಅದು ಮುಗೀತು."

ಅವಳು ತಮ್ಮನತ್ತ ತಿರುಗಿದಳು. "ಯಾಕೋ?"

"ನೀವು ಕೆಲಸದಲ್ಲಿದ್ರಿ," ಎಂದ ಆರ್ಲೋ, ನೆಲ ನೋಡುತ್ತ. "ಸುಮ್ನೆ ಯಾಕೆ ತೊಂದರೆ ಅಂತ, ಅಕ್ಕ."

"ಥೂ! ಅಕ್ಕ ಅನ್ಬೇಡ."

ಯಾರೋ ಕೆಮ್ಮಿದರು. ಕ್ಲಿಫರ್ಡ್ ಪಟ್ಟಿಯ ಕೊನೆಯ ಸಾಲಿಗೆ ಬಂದ. ಪ್ರತಿವರ್ಷದ ಸಾಲು ಅದು: ರುಚಿಯಾದ ಊಟ ಬಡಿಸಿದ ಶಾಲೆಯ ತಾಯಂದಿರಿಗೆ ಊರಿನ ಕೃತಜ್ಞತೆ. ಸಭೆಗೆ ಸಭೆಯೇ ಕೈ ಎತ್ತಿತು. ಆರ್ಲೋ ಕೂಡ.

"ವಿರುದ್ಧ ಯಾರಾದ್ರೂ?" ಕ್ಲಿಫರ್ಡ್ ವಾಡಿಕೆಯಂತೆ ಕೇಳಿದ.

ವರ್ನಾ ಕೈ ಎತ್ತಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹತ್ತು ಹೆಂಗಸರೂ ಒಬ್ಬೊಬ್ಬರಾಗಿ ಎತ್ತಿದರು.

ಕ್ಲಿಫರ್ಡ್ ಪೆನ್ಸಿಲ್ ಆಡಿಸುತ್ತ ಎಣಿಸಿದ. "ಹನ್ನೊಂದು," ಎಂದು ಬರೆದುಕೊಂಡ. "ಕೃತಜ್ಞತೆ ಪಾಸಾಯ್ತು."