ಬಾಗಿಲಿಗೆ ಅಡ್ಡ ಇಟ್ಟ ಪೆಟ್ಟಿಗೆ

ಇಂಜಿನಿಯರ್ ಸಾಹೇಬರ ನಕ್ಷೆಯಲ್ಲಿ ಗಾಳಿಗೆ ನೀಲಿ ಬಾಣ. ಕೋಣೆಯ ಸೂರಿನ ಜಾಲರಿಯಿಂದ ಇಳಿದು, ಬಾಗಿಲ ಕೆಳಗೆ ನುಸುಳಿ, ಹಜಾರ ದಾಟಿ, ಬಚ್ಚಲಿನ ಫ್ಯಾನಿನಿಂದ ಹೊರಗೆ. ಬಾಣಕ್ಕೇನು, ಕಾಗದದ ಮೇಲೆ ಬೆಟ್ಟದೊಳಗೂ ತೂರಿಹೋಗುತ್ತದೆ.

ನಾನು ಗಾಳಿ ಹರಿಯುವ ತಗಡಿನ ಡಕ್ಟ್ ಕೂರಿಸುವ ಮೇಸ್ತ್ರಿ. ಓದಿದ್ದು ಹಳ್ಳಿ ಶಾಲೆಯ ಏಳನೇ ಕ್ಲಾಸು. ಹೊರಗೆ ಹೋಗಲು ದಾರಿಯಿಲ್ಲದ ಕಡೆ ಗಾಳಿ ಒಳಗೂ ಬರುವುದಿಲ್ಲ ಅನ್ನುವುದಕ್ಕೆ ಅಷ್ಟು ಓದು ಧಾರಾಳ.

ವಿದ್ಯಾರ್ಥಿಗಳ ಆ ಕಟ್ಟಡದಲ್ಲಿ ಒಂದೊಂದು ಮನೆಗೂ ನಾಲ್ಕು ಕೋಣೆ, ಒಂದೇ ಹಜಾರ, ಒಂದೇ ಬಚ್ಚಲು. ಓದುವ ಮಕ್ಕಳಿಗೆ ಸದ್ದು ಕೇಳಬಾರದೆಂದು ಬಾಗಿಲುಗಳ ಅಡಿಗೆ ರಬ್ಬರ್ ಪಟ್ಟಿ ಹೊಡೆಸಿದ್ದರು. ಸದ್ದಿನ ಜೊತೆ ಉಸಿರೂ ಬಂದ್! ಅದರಲ್ಲೊಂದು ಮನೆಯ ಮೂರನೇ ಕೋಣೆ ನನ್ನ ತಂಗಿ ಮಗಳಿಗೆ. ಹುಟ್ಟಿದಾಗಿನಿಂದ ಉಬ್ಬಸ. "ಶುದ್ಧ ಗಾಳಿಯ ಮನೆ ಅಂತೆ ಮಾವ!" ಎಂದು ಕುಣಿದಿದ್ದಳು. ನಾಳಿದ್ದು ಬರುವವಳಿದ್ದಳು.

ಪರೀಕ್ಷೆಗೆ ಬಂದ ಸಾಹೇಬರು ನನ್ನ ಹತಾರದ ಪೆಟ್ಟಿಗೆಯನ್ನೇ ಮೂರನೇ ಕೋಣೆಯ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟು, ಜಾಲರಿಗೆ ಮೀಟರ್ ಹಿಡಿದರು.

"ನೋಡಯ್ಯ, ಭರ್ತಿ ಗಾಳಿ!"

"ಬಾಗಿಲು ಹಾಕಿ ಅಳೀರಿ ಸಾರ್."

"ಒಳಗೆ ಹೊರಗೆ ಓಡಾಡ್ಬೇಕಲ್ಲಯ್ಯ. ನಾವು ಯಾವಾಗ್ಲೂ ತೆಗೆದಿಟ್ಟೇ ಅಳೆಯೋದು."

"ಹುಡುಗೀರು ಬಾಗಿಲು ತೆಗೆದಿಟ್ಟು ಮಲಗ್ತಾರಾ?"

"ನೀನು ತಗಡು ನೋಡ್ಕೋ" ಎಂದು ಸಹಿಗೆ ಪೆನ್ನು ತೆಗೆದರು.

ನನ್ನ ಪಿತ್ತ ನೆತ್ತಿಗೇರಿತು. ಪೆಟ್ಟಿಗೆ ಎಳೆದುಕೊಂಡೆ. ಬಾಗಿಲು ಧಡ್ ಎಂದು ಮುಚ್ಚಿತು. ಮೀಟರಿನ ಅಂಕಿ ಸರ್ರನೆ ಜಾರಿ ಸೊನ್ನೆಯ ಪಕ್ಕ ಕೂತಿತು.

"ಮೀಟರ್ ಕೆಟ್ಟಿದೆ" ಎಂದರು. ಪಾಪ, ಮೀಟರ್ ಅವರಷ್ಟು ಓದಿಲ್ಲ. ಸುಳ್ಳು ಹೇಳಲು ಬಾರದು.

ಕೆಳಗಿದ್ದ ಬಡಗಿಯನ್ನು ಕೂಗಿ ಕರೆದೆ. ಬಾಗಿಲು ಕಳಚಿ, ಪಟ್ಟಿ ಕಿತ್ತು, ಅಡಿಯಲ್ಲಿ ಒಂದು ಬೆರಳಗಲ ಕೊಯ್ಸಿದೆ.

"ಯಾರನ್ನ ಕೇಳಿ ಕೊಯ್ಸಿದೆ?" ಸಾಹೇಬರು ಕೆಂಪಾದರು.

"ನಿಮ್ಮ ಬಾಣವನ್ನೇ ಕೇಳಿದೆ ಸಾರ್. ದಾರಿ ಬಿಡು ಅಂತು."

ಬಡಗಿ ಬಾಗಿಲು ಮತ್ತೆ ಕೂರಿಸಿದ. ಅದನ್ನು ಮುಚ್ಚಿ, ಸಾಹೇಬರು ಮತ್ತೆ ಅಳೆದರು. ಅಂಕಿ ಮೇಲೆದ್ದಿತು. ಸಂಜೆಯೊಳಗೆ ಇಡೀ ಕಟ್ಟಡದ ಬಾಗಿಲು ಕೊಯ್ಯಲು ಅಪ್ಪಣೆಯಾಯಿತು. ಹೊಸ ನಕ್ಷೆಯಲ್ಲಿ ಅದಕ್ಕೆ 'ಸುಧಾರಿತ ವಿನ್ಯಾಸ' ಎಂದು ಹೆಸರು, ಕೆಳಗೆ ಸಾಹೇಬರ ಸಹಿ. ಇರಲಿ. ಗರಗಸಕ್ಕೆ ಸಹಿ ಹಾಕಲು ಬರುವುದಿಲ್ಲವಲ್ಲ.

ವಾರ ಕಳೆದು ತಂಗಿ ಮಗಳು ಫೋನ್ ಮಾಡಿದಳು.

"ಉಸಿರು ಹೇಗಿದೆಯೇ?"

"ಚೆನ್ನಾಗಿದೆ ಮಾವ. ಆದ್ರೆ ಪಕ್ಕದ ರೂಮಿನವಳ ಗೊರಕೆ ಕೇಳುತ್ತೆ."

"ಕೇಳಲಿ ಬಿಡೇ. ಅವಳೂ ಉಸಿರಾಡ್ತಿದಾಳೆ ಅಂತ ಗ್ಯಾರಂಟಿ ಆಯ್ತಲ್ಲ."